ಜಸಿಯ ಬಲಗಾಲು

ಮಾರ್ಚ್ 5, ಬೂದಿ ಬುಧವಾರ

ಇವತ್ತಿನಿಂದ ಈಸ್ಟರ್‌ವರೆಗೆ ಚಹಾ ಬಿಟ್ಟಿದ್ದೇನೆ. ತಪಸ್ಸು ಕಾಲದಲ್ಲಿ ಮಾಂಸ ಎಲ್ಲರೂ ಬಿಡುತ್ತಾರೆ, ಅದರಲ್ಲೇನು ದೊಡ್ಡಸ್ತಿಕೆ? ಆದರೆ ಈ ವಿಮಲಾ ಚಹಾ ಬಿಟ್ಟಳೆಂದರೆ ದೇವರೂ ಒಮ್ಮೆ ಕತ್ತೆತ್ತಿ ನೋಡಬೇಕು. ಸಂಜೆ ಹೊಲಿಗೆ ಮಷೀನು ನಿಲ್ಲಿಸಿ ಲೋಟ ಹಿಡಿಯುವ ಹೊತ್ತಿಗೆ ಕೈ ಸುಮ್ಮನಿರುವುದಿಲ್ಲ. ಅದಕ್ಕೇ ಜಸಿಯ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳ ಮೇಲೆ ಬರೆಯಲು ಕೂತಿದ್ದೇನೆ. ಯಾರಿಗೂ ತೋರಿಸುವುದಕ್ಕಲ್ಲ.

ಬೆಳಿಗ್ಗೆ ಚರ್ಚಿನಲ್ಲಿ ಫಾದರ್ ರಾಯಪ್ಪ ಹಣೆಗೆ ಬೂದಿ ಹಚ್ಚುವಾಗ ನಾನು ದೇವರ ಜೊತೆ ನೇರವಾಗಿ ಮಾತಾಡಿಬಿಟ್ಟೆ. ನಾನು ಚಹಾ ಬಿಡುತ್ತೇನೆ, ನೀನು ನನ್ನ ಮಗಳ ಬಲಗಾಲಿನ ಮೇಲಿರುವುದನ್ನು ಈಸ್ಟರ್ ಒಳಗೆ ತೆಗೆದುಬಿಡು. ಕೊಟ್ಟು ತಗೊಳ್ಳುವ ವ್ಯವಹಾರ. ಇಷ್ಟು ವರ್ಷ ನಿನ್ನ ಹತ್ತಿರ ಏನಾದರೂ ಕೇಳಿದ್ದೇನಾ?

ಕಳೆದ ದಸರಾ ರಜೆಯಲ್ಲಿ ಶುರುವಾಯಿತು. ಹೆಬ್ಬೆರಳಿನ ಮೇಲ್ಗಡೆ ಒಂದು ಬಿಳಿ ಚುಕ್ಕೆ. ಈಗ ಪಾದದ ಮೇಲೆಲ್ಲ ಹರಡಿ ಹಿಮ್ಮಡಿಯ ಗಿಣ್ಣಿನವರೆಗೆ ಬಂದಿದೆ. ಹೊಸಪೇಟೆಯ ಚರ್ಮದ ಡಾಕ್ಟರು ಗಾಯತ್ರಿ ಮೇಡಂ ಅದರ ಹೆಸರು ಹೇಳಿದರು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಇದು ನನಗೆ, ನನ್ನ ಗಂಡ ಶೌರಿಗೆ, ಡಾಕ್ಟರಿಗೆ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿಲ್ಲ. ಗೊತ್ತಾಗಲೂಬಾರದು.

ಮಾರ್ಚ್ 9, ಭಾನುವಾರ

ಪ್ರತಿ ಭಾನುವಾರ ಪೂಜೆ ಮುಗಿಸಿ ಬಂದಮೇಲೆ ಕಾಲಿನ ಫೋಟೋ ತೆಗೆಯುವುದೆಂದು ಮಾಡಿಕೊಂಡಿದ್ದೇನೆ, ಕಡಿಮೆಯಾಗುತ್ತಿದೆಯೋ ಇಲ್ಲವೋ ತಿಳಿಯಲಿ ಎಂದು. ಜಸಿಗೆ ಅದೊಂದು ಆಟ. ಸ್ಟೂಲಿನ ಮೇಲೆ ಕಾಲಿಟ್ಟು, ಹೀರೋಯಿನ್ನಿನ ಹಾಗೆ ಕೂದಲು ಹಿಂದಕ್ಕೆ ಹಾಕಿಕೊಂಡು ನಿಲ್ಲುತ್ತಾಳೆ.

"ಅಮ್ಮಾ, ಇದು ಮೊಲ ಇದ್ದಂಗ ಐತಿ ನೋಡು. ಇಲ್ಲಿ ಎರಡು ಕಿವಿ. ಮೊಲ ದೊಡ್ಡದಾಗಾಕತ್ತೈತಿ."

"ಬಾಯಿ ಮುಚ್ಚು. ಮೊಲಾನೂ ಇಲ್ಲ, ಇಲೀನೂ ಇಲ್ಲ. ಯಾರ ಮುಂದಾದ್ರೂ ಹಿಂಗ ಅಂದಿ ಅಂದ್ರ ನೋಡು."

ಒಂಬತ್ತು ವರ್ಷದ ಹುಡುಗಿಗೆ ಒಂಚೂರೂ ಭಯವಿಲ್ಲ. ಊಟಕ್ಕೆ ಮುಂಚೆ ಬಡವರಿಗೆಂದು ಹಿಡಿ ಅಕ್ಕಿ ಎತ್ತಿ ಚರ್ಚಿನ ಡಬ್ಬಿಗೆ ಹಾಕುವಾಗಲೂ ಕಾಲು ಕುಣಿಸುತ್ತಲೇ ಇರುತ್ತಾಳೆ.

ಶಾಲೆಗೆ ಬೂಟು, ಕಾಲುಚೀಲ ಇರುವುದರಿಂದ ಹೇಗೋ ನಡೆಯುತ್ತಿದೆ. ಮನೆಯ ಮುಂದೆ ಅದಿರಿನ ಲಾರಿಗಳು ಹಗಲೂ ರಾತ್ರಿ ಓಡುತ್ತವೆ. ಅಂಗಳದಲ್ಲಿ ಒಂದು ಗಳಿಗೆ ಆಡಿದರೆ ಸಾಕು, ಮೊಣಕಾಲವರೆಗೆ ಕೆಂಪಾಗುತ್ತಾಳೆ. ಆಗ ಬಿಳಿಯೂ ಇಲ್ಲ, ಕಪ್ಪೂ ಇಲ್ಲ. ಸಂಡೂರಿನ ಧೂಳು ನನಗೆ ಉಪಕಾರ ಮಾಡಿದ್ದು ಇದೊಂದೇ. ಮೊದಲೆಲ್ಲ ಸಂಜೆಯಾದರೆ ಕಾಲು ತೊಳಿ, ಕಾಲು ತೊಳಿ ಎಂದು ಬಡಿದುಕೊಳ್ಳುತ್ತಿದ್ದೆ. ಈಗ ಮಲಗುವವರೆಗೆ ಸುಮ್ಮನಿರುತ್ತೇನೆ.

ಮಾರ್ಚ್ 23, ಭಾನುವಾರ

ಇವತ್ತು ನನ್ನ ತಲೆ ಕೆಟ್ಟುಹೋಗಿದೆ.

ಪವಿತ್ರ ಗುರುವಾರದ ದಿನ ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ ಫಾದರ್ ಹನ್ನೆರಡು ಜನರ ಪಾದ ತೊಳೆಯುತ್ತಾರಲ್ಲ, ಪ್ರತಿವರ್ಷ ಗಂಡಸರನ್ನೇ ಕೂರಿಸುತ್ತಿದ್ದರು. ಗಣಿಯಲ್ಲಿ ದುಡಿಯುವ ನಮ್ಮ ಗಂಡಸರು ಆ ದಿನ ಹಿಮ್ಮಡಿಯನ್ನು ಕಲ್ಲಿನಿಂದ ಉಜ್ಜಿ ಉಜ್ಜಿ, ಬಿರುಕಿನೊಳಗಿನ ಕೆಂಪನ್ನೆಲ್ಲ ತೆಗೆದು, ಮದುಮಕ್ಕಳ ಹಾಗೆ ಬಂದು ಕೂರುತ್ತಿದ್ದರು. ಫಾದರ್ ಕೈಗೆ ಮಣ್ಣು ಹತ್ತಬಾರದೆಂದು ತೊಳೆಸಿಕೊಳ್ಳುವ ಕಾಲನ್ನು ಮೊದಲೇ ತೊಳೆದು ತರುವುದು ನಮ್ಮ ಚರ್ಚಿನ ಪದ್ಧತಿ.

ಈ ಸಲ ಫಾದರ್ ರಾಯಪ್ಪನವರಿಗೆ ಹೊಸ ಯೋಚನೆ. ಹನ್ನೆರಡು ಮಕ್ಕಳಂತೆ. ಪೂಜೆ ಮುಗಿದ ಮೇಲೆ, "ಯಾರ್ ಬರ್ತೀರಿ? ಕೈ ಎತ್ತ್ರಿ" ಎಂದರು. ಮೊದಲು ಎದ್ದ ಕೈ ಯಾರದು? ನನ್ನ ಮಗಳದು. ನಾನು ಹಿಂದಿನ ಬೆಂಚಿನಿಂದ ಕಣ್ಣು ಕೆಂಪಗೆ ಮಾಡಿದೆ, ಕೆಮ್ಮಿದೆ. ಆಕೆ ತಿರುಗಿಯೂ ನೋಡಲಿಲ್ಲ. ಫಾದರ್ ಹೆಸರು ಬರೆದುಕೊಂಡುಬಿಟ್ಟರು.

ಮನೆಗೆ ಬಂದು ಎರಡು ಬಿಟ್ಟೆ. ಅತ್ತಳು. "ಸ್ವಾಮಿ ತೊಳೀತಾರಮ್ಮ, ಮಸ್ತ್ ಇರ್ತೈತಿ" ಎಂದು ಅಳುತ್ತಲೇ ಹೇಳಿದಳು. ಶೌರಿ ಪೇಪರಿನಿಂದ ಮುಖ ತೆಗೆಯದೆ, "ಬಿಡೇ ವಿಮ್ಲಾ, ಕೂಸು ಹೋಗ್ಲಿ" ಎಂದರು. ಈ ಮನೆಯಲ್ಲಿ ಮರ್ಯಾದೆಯ ಚಿಂತೆ ನನಗೊಬ್ಬಳಿಗೇ.

ಮಾರ್ಚ್ 25, ಮಂಗಳವಾರ

ಫಾದರ್ ಹತ್ತಿರ ಹೋಗಿದ್ದೆ. ಜಸಿಗೆ ನಾಚಿಕೆ ಜಾಸ್ತಿ, ಅಷ್ಟು ಜನರ ಮುಂದೆ ಕೂರಲಾರಳು, ಬೇರೆ ಮಗುವನ್ನು ತಗೊಳ್ಳಿ ಎಂದೆ. ಫಾದರ್ ನಕ್ಕರು. ಅವರೂ ನನ್ನ ತವರು ಕಂಪ್ಲಿ ಕಡೆಯವರು, ನಮ್ಮೂರಿನ ಮಾತೇ.

"ಜಸಿಗೆ ನಾಚಿಕೀನಾ? ಹೋದ್ ವಾರ ಶಿಲುಬೆ ಹಾದಿಯಾಗ ವೆರೋನಿಕಮ್ಮನ ಪಾರ್ಟು ಮಾಡಿ, ಯೇಸುವಿನ ಮುಖ ಒರೆಸೋ ಬಟ್ಟೆ ನನ್ನ ಮುಖಕ್ಕೂ ಒರೆಸಿದ್ಲು. ಆಕೀಗೆ ನಾಚಿಕಿ ಇಲ್ರಮ್ಮ. ಇದ್ರ ನಿಮಗ ಇರಬೇಕು."

ತಮಾಷೆಗೆ ಅಂದರು. ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವರ ಹಾಗೆ ನಾನು ಸೆರಗು ಸರಿ ಮಾಡಿಕೊಂಡೆ. ಅಷ್ಟರ ಮೇಲೆ ಹನ್ನೆರಡು ಮಕ್ಕಳಿಗೂ ಬಿಳಿ ನಿಲುವಂಗಿ ಹೊಲಿಯುವ ಕೆಲಸ ನನ್ನ ತಲೆಗೇ ಕಟ್ಟಿದರು.

ಬರುವ ದಾರಿಯಲ್ಲಿ ಒಂದು ಉಪಾಯ ಹೊಳೆಯಿತು. ಜಸಿಯ ಅಂಗಿಯನ್ನು ಉದ್ದ ಹೊಲಿಯುತ್ತೇನೆ. ನೆಲ ಒರೆಸುವಷ್ಟು ಉದ್ದ.

ಏಪ್ರಿಲ್ 4, ಶುಕ್ರವಾರ

ಇವತ್ತು ಶಿಲುಬೆ ಹಾದಿ, ಶಿಲುಬೆ ಹೊತ್ತು ಬೀದಿಯಲ್ಲಿ ಅಲ್ಲಲ್ಲಿ ನಿಂತು ಪ್ರಾರ್ಥಿಸುವುದು; ಒಂದು ಸ್ಥಳದ ಪ್ರಾರ್ಥನೆ ನಮ್ಮ ಮನೆಯ ಮುಂದೆ. ಎಲ್ಲರೂ ಚಪ್ಪಲಿ ಬಿಟ್ಟು ಮೊಣಕಾಲೂರಿದರು. ಜಸಿ ಒಬ್ಬಳೇ ಕಾಲುಚೀಲ ಹಾಕಿಕೊಂಡು. ಪಕ್ಕದ ಮನೆಯ ಪಂಪಮ್ಮ, ನಮ್ಮ ಧರ್ಮದವಳಲ್ಲದಿದ್ದರೂ ಹಾಡು ಕೇಳಲು ಬಂದು ನಿಲ್ಲುತ್ತಾಳೆ, "ಇಂಥಾ ಬ್ಯಾಸ್ಗ್ಯಾಗ ಕೂಸಿಗೆ ಯಾಕ ಹಾಕ್ಸೀರಿ?" ಎಂದಳು.

"ಧೂಳಿಗೆ ಅಲರ್ಜಿ ಐತ್ರಿ" ಎಂದೆ. ಶಿಲುಬೆಯ ಮುಂದೆ ನಿಂತು ಸುಳ್ಳು. ಪಾಪ ನಿವೇದನೆಗೆ ಹೋದಾಗ ಹೇಳಿಕೊಂಡರಾಯಿತು.

ಏಪ್ರಿಲ್ 11, ಶುಕ್ರವಾರ

ಶಾಲೆಗೆ ರಜೆ. ಬೂಟಿನ ನೆಪ ಹೋಯಿತು. ಫೋಟೋದಲ್ಲಿ ಅದು ಕಡಿಮೆಯಾಗಿಲ್ಲ. ಸುಳ್ಳು ಯಾಕೆ, ಹೆಚ್ಚಾಗಿದೆ. ಯೇಸುವೇ, ನನ್ನ ಚಹಾ ನಿನಗೆ ಸಾಲದೇ?

ನನ್ನನ್ನು ಕಲ್ಲುಮನಸ್ಸಿನವಳು ಅನ್ನಬಹುದು ಯಾರಾದರೂ. ಅಂಥವರು ಕಂಪ್ಲಿಯಲ್ಲಿ ನಮ್ಮ ಚಿಕ್ಕಮ್ಮ ಲೂರ್ದಮ್ಮನನ್ನು ನೋಡಬೇಕಿತ್ತು. ಆಕೆಗೂ ಇದೇ, ಕೈಗೆ, ಬಾಯಿಯ ಸುತ್ತ. ಬಂಗಾರದಂಥ ಹೆಂಗಸು, ಮದುವೆಯಾಗಲಿಲ್ಲ. ಆಕೆ ಕೊಟ್ಟ ನೀರನ್ನು ಬಂದವರು ಕುಡಿಯುತ್ತಿರಲಿಲ್ಲ. ನನ್ನ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ನಮ್ಮಪ್ಪ ಆಕೆಯನ್ನು ಹಿತ್ತಲಿಗೆ ಕಳಿಸಿ ಬಾಗಿಲು ಹಾಕಿದರು. ಚಿಕ್ಕಮ್ಮ ಹಿತ್ತಲಲ್ಲಿ ಕೂತು ನನಗೆ ಜಡೆ ಹಾಕುತ್ತಾ, "ಅವರು ಉಂಡು ಹೋಗೋ ತನಕ ಇಲ್ಲೇ ಆಡು ಪುಟ್ಟಿ" ಎಂದದ್ದು ಈಗಲೂ ಕಿವಿಯಲ್ಲಿದೆ. ನನ್ನ ಜಸಿಯನ್ನು ಯಾರೂ ಹಿತ್ತಲಿಗೆ ಕಳಿಸಕೂಡದು. ಅದಕ್ಕೆ ಯಾರಿಗೂ ಕಾಣಿಸಕೂಡದು. ಅಷ್ಟೇ ನನ್ನ ಲೆಕ್ಕ.

ಇವತ್ತು ಜಸಿಯನ್ನು ಕುರ್ಚಿಯಲ್ಲಿ ಕೂರಿಸಿ ಎಡಗಾಲು ಮುಂದೆ ಕೊಡುವ ಅಭ್ಯಾಸ ಮಾಡಿಸಿದೆ.

"ಸ್ವಾಮಿ ಬಲಗಾಲು ಅಂತ ಹೇಳ್ಯಾರಮ್ಮ. ಎಲ್ಲಾರದೂ ಬಲಗಾಲು."

"ನಿಂದು ಎಡಗಾಲು. ನಾ ಹೇಳ್ದಂಗ ಕೇಳು."

"ಯಾಕ? ಬಲಗಾಲು ಏನ್ ಮಾಡೈತಿ?"

ಮತ್ತೆ ಮಾಡಿಸಿದೆ.

ಏಪ್ರಿಲ್ 12, ಶನಿವಾರ

ಅತ್ತೆ ಜ್ಞಾನಮ್ಮ ಹೊಸಪೇಟೆಯಿಂದ ಬಂದಿಳಿದರು. ಈಸ್ಟರ್ ಮುಗಿಸಿಕೊಂಡೇ ಹೋಗುವುದು. ಚೀಲ ಕೆಳಗಿಡುವ ಮೊದಲೇ, "ನನ್ನ ಮೊಮ್ಮಗಳು ಯೇಸುವಿನ ಶಿಷ್ಯರ ಸಾಲಿನ್ಯಾಗ ಕುಂದ್ರತಾಳಂತ! ಬಾ ಇಲ್ಲಿ, ಕಾಲು ಉಜ್ಜತೀನಿ. ಬಿಸಿನೀರು ಇಡು ವಿಮ್ಲಾ, ನಿಂಬಿಹಣ್ಣು ಐತೇನು?" ಎಂದು ಶುರುಮಾಡಿದರು.

ಜಸಿ ಆಗಲೇ ಕಾಲುಚೀಲ ಎಳೆಯುತ್ತಿದ್ದಾಳೆ. ಹಾರಿ ಹೋಗಿ ರಟ್ಟೆ ಹಿಡಿದು ಒಳಗೆ ಎಳೆದುಕೊಂಡೆ. "ಆಮ್ಯಾಲೆ ನಾನ ಉಜ್ಜತೀನ್ರಿ ಅತ್ತಿ, ನೀವು ದಣದು ಬಂದೀರಿ" ಎಂದೆ. ಅತ್ತೆ ನನ್ನನ್ನೇ ಒಂದು ಗಳಿಗೆ ನೋಡಿ ಅಡುಗೆಮನೆಗೆ ಹೋದರು.

ಅತ್ತೆಗೆ ಗೊತ್ತಾದರೆ ಮುಗಿಯಿತು. ನಿಮ್ಮ ಕಂಪ್ಲಿ ಮನೆತನದಿಂದ ಬಂದಿದ್ದು ಅನ್ನುತ್ತಾರೆ. ಅನ್ನದೆ ಬಿಡುತ್ತಾರಾ?

ಏಪ್ರಿಲ್ 13, ಗರಿಗಳ ಭಾನುವಾರ

ಬೆಳಿಗ್ಗೆ ಈಚಲ ಗರಿ ಹಿಡಿದು ಮೆರವಣಿಗೆ. ಮಕ್ಕಳೆಲ್ಲ ಗರಿಯಿಂದ ಪುಟ್ಟ ಪುಟ್ಟ ಶಿಲುಬೆ ಹೆಣೆದರು. ಜಸಿ ಹೆಣೆದದ್ದನ್ನು ಬಾಗಿಲಿಗೆ ಸಿಕ್ಕಿಸಿದೆವು. ನನ್ನ ಮನಸ್ಸು ಅಲ್ಲಿರಲಿಲ್ಲ. ಗುರುವಾರ ಗುರುವಾರ ಎಂದೇ ಬಡಿದುಕೊಳ್ಳುತ್ತಿತ್ತು. ಎಡಗಾಲು ಕೊಟ್ಟರೂ ಫಾದರ್ "ಬಲಗಾಲು ಕೊಡಮ್ಮ" ಎಂದುಬಿಟ್ಟರೆ?

ಮಧ್ಯಾಹ್ನ ಅತ್ತೆ ಮಲಗಿದಾಗ ಗೋರಂಟಿ ಅರೆದು ಹಚ್ಚಿದೆ. ಬಿಳಿಯ ಮೇಲೆ ಅದು ಕಿತ್ತಳೆ ಹಣ್ಣಿನ ಬಣ್ಣಕ್ಕೆ ಬಂತು. ಮೊದಲಿಗಿಂತ ಎದ್ದು ಕಾಣತೊಡಗಿತು. ಆಮೇಲೆ ಪೇಟೆಗೆ ಹೋಗಿ ತಲೆಗೂದಲಿಗೆ ಹಚ್ಚುವ ಕಪ್ಪು ಗೋರಂಟಿ ಪುಡಿ ತಂದೆ. ಎರಡನ್ನೂ ಕಲಸಿ ಬಣ್ಣ ಹೊಂದಿಸಿದೆ. ಬ್ಲೌಸಿಗೆ ದಾರ ಹೊಂದಿಸುವವಳಿಗೆ ಇದೇನು ಕಷ್ಟ?

"ಉರೀತೈತಮ್ಮ."

"ಒಂಚೂರು ತಡ್ಕೋ. ಯೇಸು ಎಷ್ಟು ತಡ್ಕೊಂಡ ನೋಡು."

ತಡೆದುಕೊಂಡಳು, ಪಾಪ.

ಏಪ್ರಿಲ್ 14, ಸೋಮವಾರ

ಏನೂ ಕಾಣುತ್ತಿಲ್ಲ. ಚರ್ಮದ ಬಣ್ಣಕ್ಕೇ ಕೂತಿದೆ. ದೇವರಿಗೆ ಸ್ತೋತ್ರ. ಹನ್ನೆರಡು ಅಂಗಿಗೂ ಗುಂಡಿ ಹಾಕಿ ಮುಗಿಸಿದೆ.

ಏಪ್ರಿಲ್ 15, ಮಂಗಳವಾರ

ಪಾದದ ತುಂಬ ಬೊಬ್ಬೆ. ಊದಿದೆ. ನೆಲಕ್ಕೆ ಊರಲು ಆಗುತ್ತಿಲ್ಲ.

ನಾನು ಏನು ಮಾಡಿದೆ?

ಏಪ್ರಿಲ್ 16, ಬುಧವಾರ

ಅತ್ತೆಗೆ "ಕಾಲಿಗೆ ಬಿಸಿನೀರು ಬಿತ್ತು" ಎಂದು ಹೇಳಿ ಹೊಸಪೇಟೆ ಬಸ್ಸು ಹಿಡಿದೆವು. ಶೌರಿ ಗಣಿಯ ಡಂಪರ್ ಲಾರಿಯ ಡ್ಯೂಟಿಗೆ ರಜೆ ಹಾಕಿ ಬಂದರು. ಘಾಟಿಯಲ್ಲಿ ಬಸ್ಸು ತಿರುಗಿದಾಗೆಲ್ಲ ಜಸಿ ಹಲ್ಲು ಕಚ್ಚುತ್ತಿದ್ದಳು. ನನ್ನ ತೊಡೆಯ ಮೇಲೆ ಕಾಲಿಡು ಎಂದೆ. ಇಡಲಿಲ್ಲ. ಅಪ್ಪನ ತೊಡೆಯ ಮೇಲೆ ಇಟ್ಟಳು.

ಗಾಯತ್ರಿ ಮೇಡಂ ನೋಡಿದ ಕೂಡಲೇ ಕೇಳಿದರು, "ಏನು ಹಚ್ಚಿದ್ರಿ?" ಜಸಿಯೇ ಹೇಳಿದಳು. ಮೇಡಂ ಪೆನ್ನು ಕೆಳಗಿಟ್ಟರು.

"ನೋಡಿ ವಿಮಲಾ, ಇದು ಅಂಟಲ್ಲ, ನೋಯಲ್ಲ, ಜೀವಕ್ಕೆ ಏನೂ ಮಾಡಲ್ಲ ಅಂತ ಅವತ್ತೇ ಹೇಳಿದ್ದೆ. ಇಷ್ಟು ತಿಂಗಳು ಅದು ಈ ಮಗುವಿಗೆ ಏನೂ ಮಾಡಿರಲಿಲ್ಲ. ನೀವು ಮಾಡಿದ್ರಿ."

ಮುಲಾಮು ಬರೆದುಕೊಟ್ಟರು. ಬೆಳಿಗ್ಗೆ ಸಂಜೆ ಕುದಿಸಿ ಆರಿಸಿದ ನೀರಿನಲ್ಲಿ ಮೆಲ್ಲಗೆ ತೊಳೆದು ಹಚ್ಚಬೇಕು, ತೆಳ್ಳಗೆ ಬಟ್ಟೆ ಸುತ್ತಬೇಕು. ಸುಟ್ಟ ಕಡೆ ಬಿಳಿ ಇನ್ನಷ್ಟು ಹರಡಿದರೂ ಹರಡಬಹುದಂತೆ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತಗೊಂಡೆ ಎನ್ನೋಣವೆಂದರೆ, ಅದು ಉಗುರಿಗೂ ಬೇಕಾಗಿರಲಿಲ್ಲವಲ್ಲ.

ಸಂಜೆ ನಾನು ಪಾತ್ರೆಯಲ್ಲಿ ನೀರು ತಂದೆ. ಜಸಿ ಕಾಲು ಎಳೆದುಕೊಂಡಳು. "ನೀ ಬ್ಯಾಡ. ಅಪ್ಪ ತೊಳೀಲಿ." ಜೋರಾಗಿ ಅನ್ನಲಿಲ್ಲ. ಜೋರಾಗಿ ಅಂದಿದ್ದರೆ ಬೈದು ಸುಮ್ಮನಾಗಿಸುತ್ತಿದ್ದೆ. ಶೌರಿ ನನ್ನ ಕೈಯಿಂದ ಪಾತ್ರೆ ತಗೊಂಡರು. ಮಗಳು ಮಲಗಿದ ಮೇಲೆ ಒಂದೇ ಮಾತು ಅಂದರು: "ಕೈಯಾಗ ಸೂಜಿ ಐತಿ ಅಂತ ಎಲ್ಲಾ ಹೊಲಿಯಾಕ ಹೋಗ್ಬ್ಯಾಡ ವಿಮ್ಲಾ."

ಊಟ ಮಾಡಲಿಲ್ಲ ಅವರು. ನಾನೂ ಮಾಡಲಿಲ್ಲ.

ಏಪ್ರಿಲ್ 17, ಪವಿತ್ರ ಗುರುವಾರ

ಹೋಗುವುದು ಬೇಡ ಎಂದೆ. ಅಪ್ಪ ಹೂಂ ಅಂದಿದ್ದಾನೆ, ಹೋಗುತ್ತೇನೆ ಎಂದಳು ಜಸಿ. ಕಾಲಿಗೆ ಬಟ್ಟೆ ಸುತ್ತಿ, ಮೇಲೆ ಸಡಿಲವಾದ ಕಾಲುಚೀಲ ಹಾಕಿ ಶೌರಿ ಎತ್ತಿಕೊಂಡೇ ಬಂದರು. ಹನ್ನೆರಡು ಕುರ್ಚಿ, ಹನ್ನೆರಡು ಬಿಳಿ ಅಂಗಿ. ಹನ್ನೊಂದು ಮಕ್ಕಳ ಅಂಗಿ ಗಿಣ್ಣಿನವರೆಗೆ. ನನ್ನ ಮಗಳದು ನೆಲ ಮುಟ್ಟುತ್ತಿತ್ತು.

ಫಾದರ್ ಸೊಂಟಕ್ಕೆ ಟವಲು ಕಟ್ಟಿಕೊಂಡು ಒಂದೊಂದೇ ಮಗುವಿನ ಮುಂದೆ ಮೊಣಕಾಲೂರಿ ಬಂದರು. ನೀರು ಹುಯ್ಯುವುದು, ಒರೆಸುವುದು, ಪಾದಕ್ಕೆ ಮುತ್ತಿಡುವುದು. ಮಕ್ಕಳು ಕಚಗುಳಿಯಾಗಿ ಕಿಸಕ್ಕೆನ್ನುತ್ತಿದ್ದರು. ಜಸಿಯ ಮುಂದೆ ಬಂದು ಕೂತರು. ಆಕೆ ಎಡಗಾಲನ್ನೂ ಕೊಡಲಿಲ್ಲ. ಎರಡೂ ಕಾಲನ್ನು ಎತ್ತಿ ಕುರ್ಚಿಯ ಮೇಲಿಟ್ಟುಕೊಂಡು, ಆ ಉದ್ದ ಅಂಗಿಯೊಳಗೆ ಮುಚ್ಚಿ, ತಲೆ ಅಲ್ಲಾಡಿಸಿದಳು. ಫಾದರ್ ಏನೋ ಮೆಲ್ಲಗೆ ಕೇಳಿದರು. ಮತ್ತೆ ತಲೆ ಅಲ್ಲಾಡಿಸಿದಳು. ಹಾಡುವವರು ಹಾಡು ಮುಗಿಸಿ, ಮುಂದೇನು ಮಾಡಬೇಕೆಂದು ತಿಳಿಯದೆ ಮತ್ತೆ ಮೊದಲಿನಿಂದ ಎತ್ತಿಕೊಂಡರು. ಫಾದರ್ ಇನ್ನೂ ಕೂತೇ ಇದ್ದರು. ಕಡೆಗೆ ಆಕೆಯ ತಲೆ ಸವರಿ ಮುಂದಿನ ಮಗುವಿನ ಹತ್ತಿರ ಹೋದರು.

ನನ್ನ ಹಿಂದೆ ಯಾರೋ "ಪಾಪ, ನಾಚಿಕಿ" ಎಂದರು.

ನಾಚಿಕೆ ಅವಳಿಗೆ ಇರಲಿಲ್ಲ. ಸ್ಟೂಲಿನ ಮೇಲೆ ಕಾಲಿಟ್ಟು ನಗುತ್ತಿದ್ದ ಹುಡುಗಿ ಅವಳು. ಇವತ್ತು ನಾನು ಹೇಳಿಕೊಡದೆಯೇ ಮುಚ್ಚಿಕೊಂಡಳು. ನಾನು ಹೇಳಿಕೊಟ್ಟದ್ದಕ್ಕಿಂತ ಚೆನ್ನಾಗಿ ಮುಚ್ಚಿಕೊಂಡಳು. ನಾನು ಬೇಡಿಕೊಂಡಂತೆಯೇ ಆಯಿತು, ಯಾರಿಗೂ ಏನೂ ಕಾಣಿಸಲಿಲ್ಲ. ಅಯ್ಯೋ ದೇವರೇ.

ಏಪ್ರಿಲ್ 18, ಶುಭ ಶುಕ್ರವಾರ

ಇವತ್ತು ಗಂಟೆ ಬಾರಿಸುವುದಿಲ್ಲ, ಮರದ ಹಲಗೆ ಬಡಿದು ಕರೆಯುತ್ತಾರೆ. ಶಿಲುಬೆಗೆ ಮುತ್ತಿಡಲು ಸಾಲು ನಿಂತಾಗ ನನ್ನ ಸರದಿ ಬಂತು. ಮೊಳೆ ಹೊಡೆದ ಆ ಪಾದದ ಹತ್ತಿರ ಬಗ್ಗಿದವಳಿಗೆ ಏಳಲು ಆಗಲಿಲ್ಲ. ಹಿಂದಿನವರು ಬೆನ್ನು ತಟ್ಟಿ ಎಬ್ಬಿಸಿದರು. ಏನೂ ಕೇಳಿಕೊಳ್ಳಲಿಲ್ಲ. ಕೇಳುವ ಬಾಯಿ ಎಲ್ಲಿದೆ ನನಗೆ?

ಚರ್ಚಿನ ಅಂಗಳದಲ್ಲಿ ಗಂಜಿ ಕೊಟ್ಟರು. ಅತ್ತೆಯೂ ನಾನೂ ಬೇವಿನ ಮರದ ಕಟ್ಟೆಯ ಮೇಲೆ ತಟ್ಟೆ ಹಿಡಿದು ಕೂತೆವು. ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಬಿಸಿನೀರು ಬಿದ್ದದ್ದಲ್ಲ ಅತ್ತೆ, ನಾನೇ ಸುಟ್ಟೆ ಎಂದೆ. ಯಾಕೆಂದೂ ಹೇಳಿದೆ.

ಅತ್ತೆ ಗಂಜಿ ಕಲಸುತ್ತಲೇ ಇದ್ದರು. "ಮಚ್ಚಿ ಇರೋದು ನಂಗ ಗೊತ್ತು. ಕ್ರಿಸ್‌ಮಸ್ಸಿಗೆ ಬಂದಾಗ ಆಕಿನ ತೋರ್ಸಿದ್ಲು. ಅಜ್ಜಿ, ಮೊಲ ನೋಡು ಅಂತ."

"ಮತ್ತ ಯಾಕ ಹೇಳ್ಲಿಲ್ರಿ ನಂಗ?"

"ನೀ ಮುಚ್ಚಾಕತ್ತಿದ್ದಿ. ಗೊತ್ತೈತಿ ಅಂದ್ರ ನಿನಗ ಅವಮಾನ ಆಗ್ತೈತಿ ಅಂತ ಸುಮ್ಕಿದ್ದೆ. ನಿನ್ನ ಮರ್ಯಾದಿ ಕಾಯಾಕ ಹೋದೆ. ಮನ್ನೆ ನಿನ್ನ ಎಳದು ಕುಂದ್ರಿಸಿ ನಾಕ್ ಮಾತು ಬೈದಿದ್ರ ಕೂಸಿನ ಕಾಲು ಉಳೀತಿತ್ತು." ಅವರ ಕಣ್ಣಲ್ಲಿ ನೀರು ಬಂತು. ನಾನು ನೋಡಿದ್ದು ಇದೇ ಮೊದಲು. "ಮರ್ಯಾದಿ ತಗೊಂಡು ಏನ್ ಮಾಡ್ತಿ ಇವಾಗ? ಉಣ್ಣು."

ನಿಮ್ಮ ಮನೆತನದಿಂದ ಬಂದಿದ್ದು ಅನ್ನಲಿಲ್ಲ. ಅನ್ನುತ್ತಾರೆಂದು ನಾನೇ ಅವರ ಬಾಯಿಗೆ ಮಾತು ತುರುಕಿ ಇಷ್ಟು ತಿಂಗಳು ಹೆದರಿದ್ದೆ. ಸಂಜೆ ಶೌರಿಯೇ ತೊಳೆದರು. ನಾನು ಬಾಗಿಲ ಹೊರಗೆ ನಿಂತು ನೀರಿನ ಸದ್ದು ಕೇಳಿದೆ.

ಏಪ್ರಿಲ್ 19, ಶನಿವಾರ

ಚಹಾ ಕುಡಿಯುತ್ತಾ ಬರೆಯುತ್ತಿದ್ದೇನೆ. ಬೆಳಿಗ್ಗೆ ಅತ್ತೆ ಮಾಡಿಕೊಟ್ಟರು, ಕುಡಿದೆ.

ಈಸ್ಟರ್ ಮೊಟ್ಟೆಗೆ ಬಣ್ಣ ಹಾಕುವ ದಿನ. ಉಳ್ಳಾಗಡ್ಡಿ ಸಿಪ್ಪೆ ಹಾಕಿ ಕುದಿಸಿದರೆ ಕಂದು, ಬೀಟ್‌ರೂಟ್ ಹಾಕಿದರೆ ಗುಲಾಬಿ. ನಾಳೆ ಬೀದಿಯ ಮಕ್ಕಳಿಗೆಲ್ಲ ಹಂಚಬೇಕು. ಪ್ರತಿವರ್ಷ ಜಸಿ ಒಲೆಯ ಮುಂದೆಯೇ ಕುಣಿಯುತ್ತಿದ್ದಳು. ಇವತ್ತು ಅತ್ತೆ ಕರೆದರೂ ಏಳಲಿಲ್ಲ. ಮಂಚದ ಮೇಲೆ ಕಾಲಿಗೆ ಹೊದಿಕೆ ಎಳೆದುಕೊಂಡು ಕೂತಿದ್ದಳು, ಈ ಸೆಕೆಯಲ್ಲಿ.

ಅತ್ತೆ ಒಂದು ಬೇಯಿಸಿದ ಮೊಟ್ಟೆಯನ್ನು ಆಕೆಯ ಕೈಗಿಟ್ಟು, "ಇದಕ್ಕ ಯಾವ ಬಣ್ಣ ಹಾಕೂಣು, ನೀನ ಹೇಳು" ಎಂದರು.

"ಹಾಕಬ್ಯಾಡ ಅಜ್ಜಿ. ತತ್ತಿಗೂ ಉರೀತೈತಿ."

ನಾನು ಒಲೆಯ ಮುಂದಿನಿಂದ ಎದ್ದು ಹಿತ್ತಲಿಗೆ ಹೋದೆ. ಒಗೆಯುವ ಕಲ್ಲಿನ ಮೇಲೆ ಕೂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ. ಆಮೇಲೆ ಮುಖ ತೊಳೆದು ಒಳಗೆ ಬಂದು, ಆಕೆಯ ಮಂಚದ ಹತ್ತಿರ ನೆಲದ ಮೇಲೆ ಕೂತೆ.

"ಜಸಿ, ನಾ ತಪ್ಪು ಮಾಡ್ದೆ. ನಿನ್ನ ಕಾಲಿನ್ಯಾಗ ಏನೂ ತಪ್ಪಿರಲಿಲ್ಲ."

"ಹಂಗಾರ ಯಾಕ ಮುಚ್ಚಿದಿ?"

"ಅಂಜಿದೆ."

"ಯಾರಿಗೆ?"

ಯಾರಿಗೆ? ಪಂಪಮ್ಮನಿಗಾ? ಎಂದೋ ಬರುವ ಗಂಡಿನ ಕಡೆಯವರಿಗಾ? ಲೂರ್ದಮ್ಮ ಚಿಕ್ಕಮ್ಮನ ಕಥೆ ಹೇಳಿದೆ, ಹಿತ್ತಲಿನದೂ ಹೇಳಿದೆ. ಜಸಿ ಪೂರ್ತಿ ಕೇಳಿಸಿಕೊಂಡು, "ಆಕಿ ಪಾಪ, ನೀವ್ಯಾರೂ ಬಾಗ್ಲಾ ತೆಗೀಲಿಲ್ಲೇನು?" ಎಂದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ಸಂಜೆಯೂ ಶೌರಿಯೇ ತೊಳೆದರು.

ಏಪ್ರಿಲ್ 20, ಈಸ್ಟರ್ ಭಾನುವಾರ

ಗಣಿಗೆ ಈಸ್ಟರೂ ಇಲ್ಲ, ಯುಗಾದಿಯೂ ಇಲ್ಲ. ಶೌರಿಗೆ ಬೆಳಗಿನ ಪಾಳಿ, ಬೆಳಕು ಹರಿಯುವ ಮೊದಲೇ ಹೋದರು. ಅತ್ತೆಗೆ ಮೊಣಕಾಲು ಮಡಚಲು ಬರುವುದಿಲ್ಲ. ಜಸಿಯ ಕಾಲು ತೊಳೆಯಲು ಉಳಿದವಳು ನಾನೊಬ್ಬಳು.

ನೀರು ಕುದಿಸಿ ಆರಿಸಿ ಇಟ್ಟೆ. ಕೇಳುವ ಧೈರ್ಯ ಬರಲಿಲ್ಲ. ಮಸಾಲೆ ಅರೆದೆ, ಮಟನ್ ತೊಳೆದೆ, ಮೊಟ್ಟೆ ಬುಟ್ಟಿಗೆ ಹಾಕಿದೆ. ಜಸಿ ಹಾಸಿಗೆಯ ಮೇಲೆ ಕೂತು ನನ್ನ ಓಡಾಟವನ್ನೆಲ್ಲ ನೋಡುತ್ತಿದ್ದಳು. ಕಡೆಗೆ ಆಕೆಯೇ ಅಂದಳು.

"ನೀನ ತೊಳಿ."

ಪಾತ್ರೆ ಎತ್ತಿಕೊಂಡು ಬಚ್ಚಲ ಕಡೆ ಹೊರಟೆ.

"ಅಲ್ಲಿ ಬ್ಯಾಡ. ಹೊರಗ, ಕಟ್ಟಿ ಮ್ಯಾಲ."

ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಹೊರಗೆ ಬೀದಿ ತುಂಬ ಜನ. ಚರ್ಚಿನಿಂದ ಬಂದವರು ಹೊಸ ಬಟ್ಟೆಯಲ್ಲಿ ಮನೆ ಮನೆಗೆ ಹೋಗಿ ಹಬ್ಬದ ಶುಭಾಶಯ ಹೇಳುತ್ತಿದ್ದರು. ಮಕ್ಕಳು ಮೊಟ್ಟೆಗಾಗಿ ನಮ್ಮ ಬಾಗಿಲ ಮುಂದೆಯೇ ಸುತ್ತುತ್ತಿದ್ದರು. "ಒಂಚೂರು ತಡಿ, ಜನ ಹೋಗ್ಲಿ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಜಸಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನುಂಗಿಕೊಂಡೆ. ಎತ್ತಿಕೊಂಡು ಹೋಗಿ ಕಟ್ಟೆಯ ಮೇಲೆ ಕೂರಿಸಿದೆ. ನಾನು ಕೆಳಗೆ ಕೂತೆ, ಬೀದಿಗೆ ಬೆನ್ನು ಮಾಡಿ.

"ಈ ಕಡಿ ಕುಂದ್ರು. ನೀ ಮರೆ ಆಗ್ತಿ" ಎಂದಳು.

ಸರಿದು ಕೂತೆ. ಸುತ್ತಿದ ಬಟ್ಟೆ ಬಿಚ್ಚಿದೆ. ಬೊಬ್ಬೆ ಒಡೆದ ಕಡೆ ಕೆಂಪಗೆ, ಸುತ್ತಲೂ ಬಿಳಿ. ನೀರು ಹುಯ್ದೆ. ಮೊಟ್ಟೆಗೆ ಬಂದ ಮಕ್ಕಳು ಬಗ್ಗಿ ನೋಡಿದರು. ಮಕ್ಕಳು ತಾನೆ, ನೋಡಿ ಮುಗಿದ ಮೇಲೆ ಮೊಟ್ಟೆ ಕೇಳಿದರು. ಅತ್ತೆ ಕೊಟ್ಟರು.

ಪಂಪಮ್ಮ ಗೇಟಿನ ಹತ್ತಿರ ನಿಂತಳು. "ಹಬ್ಬ ಜೋರೇನ್ರೀ ವಿಮಲಕ್ಕ? ಅಯ್ಯ, ಏನದು ಕೂಸಿನ ಕಾಲಿಗೆ?"

ಜಸಿ ಪಂಪಮ್ಮನನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ಕಾಲು ನನ್ನ ಕೈಯಲ್ಲೇ ಇತ್ತು. ಹೆಬ್ಬೆರಳು ಒಮ್ಮೆ ಬಿಗಿಯಿತು, ಎಳೆದುಕೊಳ್ಳಲು ತಯಾರಾದ ಹಾಗೆ.

"ತೊನ್ನು ಪಂಪಮ್ಮ" ಎಂದೆ. "ಅದು ಅಂಟೂದಿಲ್ಲ, ನೋಯೂದಿಲ್ಲ. ಗಾಯ ನಾನು ಮಾಡಿದ್ದು. ಮುಚ್ಚಾಕ ಹೋಗಿ ಸುಟ್ಟೆ."

ಪಂಪಮ್ಮ ಬಾಯಿ ಮೇಲೆ ಕೈಯಿಟ್ಟಳು. ಏನನ್ನುತ್ತಾಳೋ ಅನ್ನಲಿ ಎಂದು ಕೂತೆ. ಗೇಟು ತೆಗೆದು ಒಳಗೆ ಬಂದಳು, ಹತ್ತಿರ ಬಂದು ನೋಡಿದಳು, "ಲೋಳಸರ ಐತಿ ನಮ್ಮನ್ಯಾಗ, ಡಾಕ್ಟರಿಗೆ ಕೇಳಿ ಹಚ್ರಿ" ಎಂದಳು. ಮನೆಗೆ ಹೋಗಿ ಇನ್ನೊಬ್ಬರಿಗೆ ಹೇಳಿಯೂ ಹೇಳುತ್ತಾಳೆ. ಹೇಳಲಿ.

ನಾನು ಮತ್ತೆ ತೊಳೆಯಲು ಬಗ್ಗಿದೆ. ಗಾಯ ಬಿಟ್ಟು ಪಕ್ಕಕ್ಕೆ, ಗಿಣ್ಣಿನ ಹತ್ತಿರದ ಬಿಳಿಯ ಮೇಲೆ ನನ್ನ ಹೆಬ್ಬೆರಳು ಹೋಗಿತ್ತು. ಎಷ್ಟು ಹೊತ್ತಿನಿಂದ ಅಲ್ಲೇ ತಿಕ್ಕುತ್ತಿತ್ತೋ ನನಗೆ ಗೊತ್ತೇ ಆಗಿರಲಿಲ್ಲ.

"ಅಮ್ಮಾ, ತಿಕ್ಕಬ್ಯಾಡ" ಎಂದಳು ಜಸಿ. "ಅದು ಹೋಗೂದಲ್ಲ."

ಕೈ ತೆಗೆದೆ. ಆಕೆ ಎಡಗಾಲು ಎತ್ತಿ ನನ್ನ ಮಡಿಲಲ್ಲಿ ಇಟ್ಟಳು, ಹಬ್ಬದ ಸೀರೆಯ ಮೇಲೆ, ಧೂಳು ಸಮೇತ.

"ಇದನ್ನ ತಿಕ್ಕು. ಇದಕ್ಕ ಮಣ್ಣು ಹತ್ತೈತಿ."

ತಿಕ್ಕಿದೆ.